ಸೋತವರು ಕೂರಬೇಕು

ಫೆಬ್ರವರಿ 4

ಮಗಳೇ,

ಮೊನ್ನೆ ನೀನು ಫೋನ್ ಇಟ್ಟುಬಿಟ್ಟ ಮೇಲೆ ನಿನ್ನಮ್ಮ ಮನೆಯಲ್ಲಿ ಹೊಸ ಕಾನೂನು ತಂದಿದ್ದಾಳೆ. “ಪೂಲ್ ಆಟದ ವಿಷ್ಯ ಏನಿದ್ರೂ ಅಪ್ಪ ಮಗಳು ಕಾಗದದಲ್ಲಿ ಬರ್ಕೊಳ್ಳಿ. ಫೋನಲ್ಲಿ ಊಟ ಆಯ್ತಾ, ಕೆಮ್ಮು ಹೋಯ್ತಾ, ಅಷ್ಟೇ. ನನ್ನ ಕಿವಿಗೂ ವಯಸ್ಸಾಯ್ತು” ಅಂದಳು. ಅವಳ ಮಾತು ಮೀರಿ ಈ ಮನೆಯಲ್ಲಿ ಬದುಕಿದವರಿಲ್ಲ. ಹಾಗಾಗಿ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ಕ್ಲಬ್ಬಿನ ಕಾರ್ಯದರ್ಶಿ ನನ್ನನ್ನು ಕರೆಸಿ, “ಮೂರು ಟೇಬಲ್ಲಿಗೆ ಆರು ಜನ ಮುದುಕರು ಆಡ್ತೀರಿ. ನಿಮ್ಮ ರಿಜಿಸ್ಟರ್ ನೋಡಿದ್ರೆ ನಲವತ್ಮೂರು ಹೆಸರು. ಅದರಲ್ಲಿ ನಾಲ್ಕು ಜನ ತೀರ್ಕೊಂಡೇ ವರ್ಷಗಳಾದವು” ಎಂದರು. ಮೂವತ್ತು ವರ್ಷದೊಳಗಿನ ಎಂಟು ಹೊಸ ಆಟಗಾರರು ಸೆಪ್ಟೆಂಬರ್ ಮುಗಿಯುವುದರೊಳಗೆ ಬೇಕಂತೆ. ಸುಮ್ಮನೆ ಹೆಸರು ಕೊಟ್ಟರೆ ಸಾಲದು, ಎಂಟು ಬುಧವಾರ ಬಂದು ಆಡಿ ಸಹಿ ಹಾಕಿರಬೇಕು. ಇಲ್ಲದಿದ್ದರೆ ಎರಡು ಟೇಬಲ್ ಎತ್ತಿಸಿ ಆ ಜಾಗದಲ್ಲಿ ಟ್ರೆಡ್‌ಮಿಲ್ ಹಾಕಿಸುತ್ತಾರೆ. ನಿಂತಲ್ಲೇ ಓಡುವ ಯಂತ್ರ! ಎಲ್ಲಿಗೂ ಹೋಗದೆ ಬೆವರು ಸುರಿಸುವುದಕ್ಕೆ ಜನ ಸಾಲು ನಿಲ್ಲುತ್ತಾರಂತೆ. ನನ್ನ ಟೇಬಲ್ಲಿಗೆ ಮಾತ್ರ ದಿಕ್ಕಿಲ್ಲ.

ಈಗಿನವರು ಬರುವುದೇ ಇಲ್ಲ ಎನ್ನುವಂತಿಲ್ಲ. ಭಾನುವಾರ ಹಿಂಡುಹಿಂಡಾಗಿ ಬರುತ್ತಾರೆ. ಕೋಲನ್ನು ಬಂದೂಕಿನ ಹಾಗೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಳಿ ಚೆಂಡು ಟೇಬಲ್ ಹಾರಿ ನೆಲದ ಮೇಲೆ ಉರುಳಿದರೆ ಚಪ್ಪಾಳೆ. ಒಬ್ಬ ಪುಣ್ಯಾತ್ಮ ಹಸಿರು ಬಟ್ಟೆಯ ಮೇಲೆ ಜ್ಯೂಸಿನ ಲೋಟ ಇಟ್ಟ. ಆ ಬಟ್ಟೆಯನ್ನು ಎಳೆದು, ಅಂಚು ಮಡಚಿ, ಮೊಳೆ ಹೊಡೆದು ಕೂರಿಸಿದವನು ನಾನು. ಹೊಟ್ಟೆ ಉರಿಯದೆ ಇರುತ್ತದೆಯೇ? ಹೋಗಾಚೆ ಎಂದೆ. ಹೋದರು. ಇವರಲ್ಲಿ ಶ್ರದ್ಧೆಯುಳ್ಳವನನ್ನು ಹುಡುಕುವುದೆಂದರೆ ಕೋಣದಿಂದ ಹಾಲು ಕರೆದಂತೆ.

ನೀನು ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಆ ಕೋಣೆಯಲ್ಲೇ ಬೆಳೆದವಳು. ಮೂರು ವರ್ಷ ಕ್ಲಬ್ಬಿನ ಪಂದ್ಯ ಗೆದ್ದವಳು. ಒಂದು ಭಾನುವಾರ ಬಂದು ಆಡಿ ತೋರಿಸು. ನೋಡಿದವರಲ್ಲಿ ನಾಲ್ಕು ಜನರಾದರೂ ಸೇರುತ್ತಾರೆ. ದೂರದ ಕೆಲಸದಿಂದಾಗಿ ನಿನ್ನ ಆಟ ನಿಂತಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಕೈ ಮರೆತಿರುವುದಿಲ್ಲ.

ದಾರಿ ಕಾಯುವ
ಅಪ್ಪ


ಫೆಬ್ರವರಿ 21

ಅಪ್ಪಾ,

ಬರುವುದಿಲ್ಲ. ಇದನ್ನು ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಬಹುದಿತ್ತು, ಆದರೆ ಅಮ್ಮನ ಕಾನೂನು.

ಲ್ಯಾಬಿನಲ್ಲಿ ಕೈತುಂಬ ಕೆಲಸ. ಈ ವಾರ ಒಬ್ಬರಿಗೆ ಮಾಡಿಕೊಟ್ಟ ಮುಂದಿನ ಒಂದೇ ಒಂದು ಕಟ್ಟುಹಲ್ಲು ಮೂರು ಸಲ ವಾಪಸು ಬಂತು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಲಿಲ್ಲವಂತೆ. ಆ ಮನುಷ್ಯ ದಿನಕ್ಕೆ ಹತ್ತು ಲೋಟ ಟೀ ಕುಡಿಯುತ್ತಾನೆ, ಅವನ ಹಲ್ಲಿನ ಬಣ್ಣ ನಾನು ಎಲ್ಲಿಂದ ತರಲಿ?

ನೀನು ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ತಮಾಷೆಗೆ ಬಂದವರನ್ನು ಹೋಗಾಚೆ ಎಂದು ಕಳಿಸಿ, ಶ್ರದ್ಧೆಯುಳ್ಳವರು ಯಾಕೆ ಬರುವುದಿಲ್ಲ ಎಂದು ಗೋಳಾಡುತ್ತೀಯಲ್ಲ, ಶ್ರದ್ಧೆಯುಳ್ಳವರೇನು ಆಕಾಶದಿಂದ ಉದುರುತ್ತಾರೆಯೇ? ತಮಾಷೆಗೆ ಬಂದವರಲ್ಲೇ ಒಬ್ಬಿಬ್ಬರು ಉಳಿದುಕೊಳ್ಳುತ್ತಾರೆ, ಅಷ್ಟೇ. ಮುಂದಿನ ಭಾನುವಾರ ಬಂದವರನ್ನು ಬುಧವಾರಕ್ಕೆ ಕರೆದು ನೋಡು. ಮತ್ತೆ ಹೆಂಗಸರ ಶೌಚಾಲಯದ ಬೀಗ ತೆಗೆಸು. ಎಂಟು ವರ್ಷ ಅದರೊಳಗೆ ಪೊರಕೆ ಬಕೀಟು ಇದ್ದವು. ನಾನು ಎದುರು ಬೀದಿಯ ಔಷಧಿ ಅಂಗಡಿಯವರ ಮನೆಗೆ ಓಡುತ್ತಿದ್ದೆ. ನಿನಗೆ ಗೊತ್ತೇ ಇರಲಿಲ್ಲ ತಾನೇ?

ಮಗಳು


ಏಪ್ರಿಲ್ 2

ಮಗಳೇ,

ಗೊತ್ತಿರಲಿಲ್ಲ. ಬೀಗ ತೆಗೆಸಿದ್ದೇನೆ. ಪೊರಕೆಗಳು ಈಗ ನನ್ನ ಕುರ್ಚಿಯ ಹಿಂದೆ ಇವೆ.

ನೀನು ಹೇಳಿದಂತೆ ಕರೆದೆ. ಐದು ಜನ ಬಂದರು! ಒಬ್ಬ ಲಿಫ್ಟ್ ರಿಪೇರಿ ಮಾಡುವವನು, ಇಬ್ಬರು ನರ್ಸಿಂಗ್ ಕಲಿಯುವ ಹುಡುಗಿಯರು, ಒಬ್ಬ ಕೊರಿಯರಿನವನು, ಬೇಕರಿಯಲ್ಲಿ ಕೇಕಿಗೆ ಹೂ ಬಿಡಿಸುವ ಒಬ್ಬಳು. ಕಪ್ಪು ಹಲಗೆಯ ಮೇಲೆ ಸಾಲಾಗಿ ಹೆಸರು ಬರೆಸಿದೆ. ನಮ್ಮ ಬುಧವಾರದ ಪದ್ಧತಿ ವಿವರಿಸಿದೆ: ಗೆದ್ದವರು ಟೇಬಲ್ ಬಿಡುವುದಿಲ್ಲ, ಮೊದಲ ಹೊಡೆತವೂ ಅವರದೇ. ಸೋತವರು ಬೆಂಚಿನ ಮೇಲೆ ಕೂತು ಮತ್ತೆ ಸರದಿ ಬರುವವರೆಗೆ ಆಟ ನೋಡಿ ಕಲಿಯಬೇಕು.

ಆ ದಿನ ನಮ್ಮ ಕಂಡಕ್ಟರ್ ಆಡಿದ್ದನ್ನು ನೀನು ನೋಡಬೇಕಿತ್ತು. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾದರೂ ಆ ಕೈ ಇನ್ನೂ ಚೀಟಿ ಹರಿದುಕೊಟ್ಟಷ್ಟೇ ಸಲೀಸು. ಮೊದಲ ಹೊಡೆತದಿಂದ ಕೊನೆಯ ಚೆಂಡಿನವರೆಗೆ ಒಂದೂ ತಪ್ಪಲಿಲ್ಲ. ಲಿಫ್ಟಿನವನು ಕೋಲು ಹಿಡಿದು ನಿಂತವನು ನಿಂತ ಹಾಗೆಯೇ ಸೋತ, ಒಂದು ಚೆಂಡನ್ನೂ ಮುಟ್ಟಲಿಲ್ಲ. ಎರಡನೇ ಟೇಬಲ್ಲಿನಲ್ಲಿ ನಮ್ಮ ಗೆಳೆಯ ಕಾಂಪೌಂಡರ್, ಮೂರನೆಯದರಲ್ಲಿ ನಾನು. ಇಂಥ ಆಟ ಬಿಟ್ಟಿ ನೋಡಲು ಸಿಗುವುದೇ ಭಾಗ್ಯ.

ಮುಂದಿನ ವಾರ ಮೂರು ಜನ ಬಂದರು. ಅದರ ಮುಂದಿನ ವಾರ ಬೇಕರಿಯವಳು ಒಬ್ಬಳೇ. ನಿನ್ನೆ ಅವಳೂ ಇಲ್ಲ. ಇವರಿಗೆ ಎಲ್ಲವೂ ಕೂಡಲೇ ಆಗಬೇಕು, ತಾಳ್ಮೆ ಎನ್ನುವುದು ಎಳ್ಳಷ್ಟೂ ಇಲ್ಲ. ಗುದ್ದಲಿ ಹಿಡಿಯುವ ಮೊದಲೇ ಬಾವಿಯಲ್ಲಿ ನೀರು ಬೇಕು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಪ್ಪ


ಏಪ್ರಿಲ್ 19

ಅಪ್ಪಾ,

ನಿನ್ನ ಕಾಗದ ಓದಿ ನನಗೇ ತಲೆ ಚಚ್ಚಿಕೊಳ್ಳಬೇಕೆನಿಸಿತು.

ನಾನು ಹದಿನಾಲ್ಕು ವರ್ಷದವಳಿದ್ದಾಗ ಒಂದು ಬುಧವಾರ ಲೆಕ್ಕ ಇಟ್ಟಿದ್ದೆ. ಐದೂವರೆಯಿಂದ ಏಳೂವರೆವರೆಗೆ ಎರಡು ಗಂಟೆಯಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು ಹೊಡೆತ. ಉಳಿದ ಹೊತ್ತೆಲ್ಲ ಆ ಬೆಂಚು. ನೀರಿಗಿಳಿಯದೆ ಈಜು ಬರುವುದಿಲ್ಲ ಎಂದು ಪ್ರಪಂಚಕ್ಕೆಲ್ಲ ಗೊತ್ತು. ನೀವು ಮೂವರು ನೀರು ತುಂಬ ಕೈಕಾಲು ಚಾಚಿಕೊಂಡು, ದಡದಲ್ಲಿ ಕೂತವರಿಗೆ ತಾಳ್ಮೆ ಇಲ್ಲ ಎನ್ನುತ್ತೀರಿ. ಬೇರೆ ಯಾವ ಆಟದಲ್ಲಿ ಹೀಗಿದೆ ಹೇಳು? ಓಟ ಕಲಿಯಲು ಬಂದವನಿಗೆ, ನೀನು ನಿಧಾನ ಓಡುತ್ತೀಯ, ಕೂತುಕೋ ಎನ್ನುತ್ತಾರೆಯೇ? ಯಾರಿಗೆ ಅಭ್ಯಾಸ ಬೇಕೋ ಅವರನ್ನೇ ಕೂರಿಸುವುದು, ಯಾರಿಗೆ ಬೇಡವೋ ಅವರಿಗೇ ಟೇಬಲ್. ಆ ಟ್ರೆಡ್‌ಮಿಲ್ಲನ್ನು ನೀನು ಎಷ್ಟು ಬೈದರೂ ಅದು ಹತ್ತಿದವರನ್ನು ಇಳಿ ಎನ್ನುವುದಿಲ್ಲ.

ಹಾಗಾದರೆ ನೀನು ಹೇಗೆ ಕಲಿತೆ ಎಂದು ಕೇಳುತ್ತೀಯ. ನಿನ್ನ ಹತ್ತಿರ ಕೋಣೆಯ ಬೀಗದ ಕೈ ಇತ್ತು. ದಿನಾ ಬೆಳಿಗ್ಗೆ ಕ್ಲಬ್ಬು ತೆರೆಯುವ ಮೊದಲು ಎರಡು ಗಂಟೆ ನನಗೊಬ್ಬಳಿಗೇ ಮೂರು ಟೇಬಲ್, ಪಕ್ಕದಲ್ಲಿ ನೀನು. ಎಲ್ಲರೂ ಅದನ್ನು ಪ್ರತಿಭೆ ಎಂದರು. ಲಿಫ್ಟಿನವನ ಅಪ್ಪನ ಹತ್ತಿರ ಆ ಬೀಗದ ಕೈ ಇದ್ದಿದ್ದರೆ ಅವನೂ ಪ್ರತಿಭಾವಂತನೇ.

ಕೋಪದಲ್ಲಿರುವ
ಮಗಳು


ಮೇ 10

ಮಗಳೇ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ, ಅದರಲ್ಲೇ ಬರೆಯುತ್ತಿದ್ದೇನೆ.

ಬೆಳಗಿನ ಜಾವ ಎದ್ದು, ನಿದ್ದೆಗಣ್ಣಿನ ನಿನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಕಲಿಸಿದ್ದಕ್ಕೆ ಇದು ಬಹುಮಾನ. ಬೀಗದ ಕೈಯಂತೆ! ನಾನೂ ಕೂತೇ ಕಲಿತವನು. ಎರಡು ವರ್ಷ ಅದೇ ಬೆಂಚಿನ ಮೇಲೆ ಕೂತೆ. ಯಾರ ಮೇಲೂ ದೂರಲಿಲ್ಲ. ಕಾಯುವುದೂ ಆಟದ ಒಂದು ಭಾಗ.

ನಿನ್ನ ಮಾತನ್ನು ಕಂಡಕ್ಟರ್‌ಗೂ ಕಾಂಪೌಂಡರ್‌ಗೂ ಹೇಳಿದೆ, ಮುಚ್ಚಿಡಲಿಲ್ಲ. ಕಂಡಕ್ಟರ್ ನಕ್ಕುಬಿಟ್ಟ. “ನಾವೇನು ಶಿಶುವಿಹಾರ ನಡೆಸ್ತಿದೀವೇನಯ್ಯಾ? ಕಷ್ಟಪಟ್ಟು ಗೆದ್ದ ಟೇಬಲ್ಲು, ಸೋತವರಿಗೆ ಯಾಕೆ ಬಿಡಬೇಕು?” ಅಂದ. ನನಗೂ ಹಾಗೇ ಅನಿಸುತ್ತದೆ. ಇನ್ನೊಂದು ಮಾತು. ನೀನು ಗೆಲ್ಲಲು ಶುರುಮಾಡಿದ ಮೇಲೆ ನೀನೂ ಟೇಬಲ್ ಬಿಡಲಿಲ್ಲ. ಆಗ ಈ ಪದ್ಧತಿ ನಿನಗೆ ಚೆನ್ನಾಗಿಯೇ ಇತ್ತಲ್ಲ?

ಈವರೆಗೆ ರಿಜಿಸ್ಟರಿನಲ್ಲಿ ಹೊಸ ಹೆಸರು ಸೊನ್ನೆ. ನಿನಗೆ ಸಮಾಧಾನವಾಗಿರಬೇಕು.

ಅಪ್ಪ

ಇದರ ಕೆಳಗೆ ಅಮ್ಮ ಬರೆಯುತ್ತಿದ್ದೇನೆ. ಕವರಿಗೆ ಅಂಟು ಹಚ್ಚಲು ನನಗೆ ಕೊಟ್ಟರು, ಓದಿದೆ. ಇವರು ಎರಡು ವರ್ಷ ಬೆಂಚಿನ ಮೇಲೆ ಕೂತಿದ್ದು ಅಪ್ಪಟ ಸುಳ್ಳು. ಆಗ ಇದ್ದದ್ದು ಒಂದು ಟೇಬಲ್ಲು, ಆಡುತ್ತಿದ್ದವರು ಇವರು ಮತ್ತು ಕಂಡಕ್ಟರ್, ಇಬ್ಬರೇ. ಬೆಂಚು ಬಂದದ್ದು ನಮ್ಮ ಮದುವೆಯಾದ ಮೇಲೆ. ಅದಕ್ಕೆ ಬಣ್ಣ ಹೊಡೆದವಳೇ ನಾನು. ಕೆಮ್ಮು ಹೋಯಿತಾ?


ಜೂನ್ 14

ಅಪ್ಪಾ,

ಹೌದು, ನಾನೂ ಟೇಬಲ್ ಬಿಡಲಿಲ್ಲ. ಅದನ್ನೇ ನಿನಗೆ ಐದು ವರ್ಷದಿಂದ ಹೇಳಲಾಗಲಿಲ್ಲ. ಈಗ ನೀನೇ ಎತ್ತಿದ್ದೀಯ, ಹೇಳಿಬಿಡುತ್ತೇನೆ.

ನನ್ನ ಜೊತೆ ಒಬ್ಬಳು ಬರುತ್ತಿದ್ದಳು, ಗುಂಗುರು ಕೂದಲಿನವಳು. ನಿನಗೆ ಮುಖ ನೆನಪಿರಲಾರದು. ಅವಳ ಕಣ್ಣಳತೆ ನನಗಿಂತ ಚೆನ್ನಾಗಿತ್ತು. ಚೆಂಡು ಬದಿಗೆ ತಾಗಿ ಯಾವ ಕಡೆ ಹೊರಡುತ್ತದೆ ಎಂದು ನಾನು ಹೊಡೆಯುವ ಮೊದಲೇ ಹೇಳುತ್ತಿದ್ದಳು. ಇಪ್ಪತ್ತು ಬುಧವಾರ ಬಂದಳು. ಪ್ರತಿ ಸಲ ಅವಳ ಸರದಿ ಬರುವ ಹೊತ್ತಿಗೆ ಟೇಬಲ್ ಮೇಲೆ ನಾನು. ನಾಲ್ಕು ನಿಮಿಷ. ಕೂತುಕೋ. ಒಂದು ಚೆಂಡು ತಪ್ಪಿಸಿದ್ದರೆ ಅವಳು ಹತ್ತು ನಿಮಿಷ ಆಡುತ್ತಿದ್ದಳು. ಆದರೆ ಬೇಕೆಂದು ತಪ್ಪಿಸುವುದು ಎದುರಿನವರಿಗೆ ಮಾಡುವ ಅವಮಾನ ಎಂದು ನೀನು ಕಲಿಸಿದ್ದೆ. ನನ್ನ ಗೆಳತಿಯನ್ನು ನಾನು ಅವಮಾನ ಮಾಡಲಿಲ್ಲ, ಓಡಿಸಿದೆ. “ನಿನ್ನ ಆಟ ನೋಡಿ ನೋಡಿ ಬೆನ್ನು ಹಿಡ್ಕೊಳ್ತು ಕಣೇ, ಬೇರೆ ಏನಾದ್ರೂ ಕಲೀತೀನಿ” ಎಂದು ನಗುತ್ತಲೇ ಹೋದಳು. ನನ್ನ ಜೊತೆ ಮಾತೂ ಬಿಟ್ಟಳು.

ಆಮೇಲೆ ಮೂರು ವರ್ಷ ಗೆದ್ದೆ. ಯಾರ ಮೇಲೆ? ಕಂಡಕ್ಟರ್ ಮಾಮ, ಕಾಂಪೌಂಡರ್ ಮಾಮ, ನೀನು. ಮೂರನೇ ಸಲ ಗೆದ್ದ ಸಂಜೆ, ಇನ್ನು ಮುಂದೆ ಎಲ್ಲಿಗೆ ಹೋಗಿ ಆಡಬೇಕು ಎಂದು ಕೇಳಿದ್ದೆ. ನೀನು ಕೋಲಿನ ತುದಿಯ ಚರ್ಮ ಉಜ್ಜುತ್ತಾ, “ಬರೋ ವರ್ಷ ಮತ್ತೆ ಗೆಲ್ಲು” ಅಂದೆ. ನನ್ನ ವಯಸ್ಸಿನವರು ಒಬ್ಬರೂ ಇಲ್ಲದ ಕೋಣೆಯಲ್ಲಿ ಮತ್ತೆ ಗೆದ್ದು ಏನು ಮಾಡಲಿ ಅಪ್ಪಾ? ಕೆಲಸಕ್ಕಾಗಿ ನಾನು ಆಟ ಬಿಡಲಿಲ್ಲ. ಆಟ ಬಿಡುವುದಕ್ಕೆ ದೂರದ ಕೆಲಸ ಹುಡುಕಿದೆ.

ಬರೆಯುತ್ತಾ ಅಳು ಬಂತು. ಅಮ್ಮನಿಗೆ ತೋರಿಸಬೇಡ, ಹೇಗೂ ಓದುತ್ತಾಳೆ.

ಮಗಳು


ಜುಲೈ 30

ಮಗಳೇ,

ನಿನಗೆ ಬರೆಯಲು ಕೂತು ಕೂತು ಒಂದು ತಿಂಗಳು ಕಳೆಯಿತು. ಕಾಗದ ತೆಗೆಯುವುದು, ಇಡುವುದು.

ಕಳೆದ ವಾರ ಬುಧವಾರ ಕಂಡಕ್ಟರ್‌ಗೆ ಬೇಕೆಂದೇ ಬೇಗ ಸೋತೆ. ಹೌದು, ನಾನೇ. ಸೋತು ಆ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತೆ. ಕೋಣೆಯ ಉಸ್ತುವಾರಿ ವಹಿಸಿ ಮೂವತ್ತೊಂದು ವರ್ಷ. ಅಲ್ಲಿ ಕೂತದ್ದು ಅದೇ ಮೊದಲು. ಮಗಳೇ, ಅಲ್ಲಿಂದ ಏನೂ ಕಾಣಿಸುವುದಿಲ್ಲ. ಬೆಂಚು ಗಿಡ್ಡ. ಚೆಂಡುಗಳೆಲ್ಲ ಒಂದೇ ಸಾಲಿನಲ್ಲಿ ಅಂಟಿಕೊಂಡ ಹಾಗೆ ಕಾಣುತ್ತವೆ, ಯಾವುದು ಹತ್ತಿರ ಯಾವುದು ದೂರ ತಿಳಿಯುವುದಿಲ್ಲ. ಆಡುವವರ ಬೆನ್ನು ಕಾಣುತ್ತದೆ. ನೋಡಿ ಕಲಿಯಿರಿ, ನೋಡಿ ಕಲಿಯಿರಿ ಎಂದು ಎಷ್ಟು ಜನರಿಗೆ ಹೇಳಿದ್ದೆನೋ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮಾರನೆಯ ದಿನ ಹಲಗೆಯ ಮೇಲೆ ಹೊಸ ಪದ್ಧತಿ ಬರೆದೆ: ಸೋತವರು ಟೇಬಲ್ಲಿನಲ್ಲಿ ಉಳಿಯಬೇಕು, ಗೆದ್ದವರು ಕೂರಬೇಕು. ಬೇಕರಿಗೆ ಹೋದೆ, ಆಸ್ಪತ್ರೆಯ ಹಾಸ್ಟೆಲ್ಲಿನ ಗೇಟಿಗೆ ಹೋದೆ, ಲಿಫ್ಟಿನವನನ್ನು ಯಾವುದೋ ಕಟ್ಟಡದ ಐದನೇ ಮಹಡಿಯಲ್ಲಿ ಹಿಡಿದೆ. ನಿನ್ನೆ ಬುಧವಾರ, ಅವರ ಸ್ನೇಹಿತರೂ ಸೇರಿ ಎಂಟು ಜನ ಬಂದರು. ಸರಿಯಾಗಿ ಎಂಟು! ಸಹಿ ಹಾಕಿಸಿದೆ. ಕಾಂಪೌಂಡರ್ ಬಾಗಿಲಲ್ಲೇ ಹಲಗೆ ಓದಿ ಚಪ್ಪಲಿ ತಿರುಗಿಸಿ ಹೊರಟ. “ಗೆದ್ದೋರಿಗೆ ಶಿಕ್ಷೆ ಕೊಡೋ ಕಡೆ ನನಗೇನು ಕೆಲಸ?” ಅಂದ. ಹೋಗಲಿ.

ಅಪ್ಪ


ಸೆಪ್ಟೆಂಬರ್ 3

ಅಪ್ಪಾ,

ಎಂಟು ಎಂಟಾಗಿಯೇ ಇದೆಯಾ? ಅಮ್ಮನನ್ನು ಫೋನಿನಲ್ಲಿ ಕೇಳಿದರೆ ಕೆಮ್ಮು ಹೋಯಿತಾ ಎನ್ನುತ್ತಾಳೆ. ಕೆಮ್ಮು ಜನವರಿಯಲ್ಲೇ ಹೋಯಿತು ಎಂದು ಹೇಳು.

ಹೊಸ ಪದ್ಧತಿಯನ್ನು ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಮೇಣದ ಹಲ್ಲು ಕೈಯಿಂದ ಜಾರಿತು. ಒಂದೇ ಅನುಮಾನ. ಸೋತವರಿಗೆ ಟೇಬಲ್ ಎಂದ ಮೇಲೆ ಕಂಡಕ್ಟರ್ ಮಾಮ ಏನು ಮಾಡುತ್ತಾರೆ? ಅವರು ಟೇಬಲ್ ಬಿಟ್ಟು ಇರುವವರಲ್ಲ.

ಕಾಯುತ್ತಿರುವ
ಮಗಳು


ಅಕ್ಟೋಬರ್ 7

ಮಗಳೇ,

ನಿನ್ನ ಅನುಮಾನ ಸರಿಯಾಗಿತ್ತು. ನೀನು ಆ ಕಾಗದ ಬರೆಯುವ ಹಿಂದಿನ ದಿನವೇ ಆಗಬಾರದ್ದು ಆಗಿಹೋಗಿತ್ತು.

ಅದು ಹೊಸ ಪದ್ಧತಿಯ ಆರನೇ ಬುಧವಾರ. ಕಂಡಕ್ಟರ್ ಬೇಕರಿಯವಳ ಜೊತೆ ಆಡಿದ. ಕೊನೆಯ ಚೆಂಡು ಪಾಕೆಟ್ಟಿನ ಬಾಯಲ್ಲೇ ಇತ್ತು, ಕಣ್ಣು ಕಟ್ಟಿದರೂ ಅವನಿಗೆ ತಪ್ಪುವಂತಿರಲಿಲ್ಲ. ತಪ್ಪಿಸಿದ. ಅವಳು ಹಾಕಿದಳು. ಗೆದ್ದೆ ಎಂದು ಕೂಗಿ, ಆ ನರ್ಸಿಂಗ್ ಹುಡುಗಿಯರನ್ನು ತಬ್ಬಿ ಕುಣಿದಳು. ಕಂಡಕ್ಟರ್ ಕೋಲಿಗೆ ಚಾಕ್ ತಿಕ್ಕುತ್ತಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಟೇಬಲ್ ಅವನಿಗೇ ಉಳಿಯಿತು.

ನನಗೆ ಎಲ್ಲಿತ್ತೋ ಸಿಟ್ಟು. ಎಲ್ಲರ ಎದುರಿಗೆ, “ಬೇಕಂತಲೇ ಸೋತೆ ಕಣೋ ನೀನು! ಥೂ, ಅವಮಾನ ಮಾಡ್ದೆ ಆಟಕ್ಕೆ!” ಎಂದು ಕಿರುಚಿದೆ. ಅವನು ಕೋಲು ಮೂಲೆಗೆ ಒರಗಿಸಿ ಹೊರಟುಹೋದ. ನಲವತ್ತು ವರ್ಷದ ಸ್ನೇಹ. ಅವನ ಬೆನ್ನು ನೋಡುತ್ತಾ ನಿಂತಿದ್ದ ನಾನು ಬೇಕರಿಯವಳ ಮುಖ ನೋಡಲಿಲ್ಲ. ನೋಡಿದಾಗ ಅವಳು ಬ್ಯಾಗು ತೆಗೆದುಕೊಳ್ಳುತ್ತಿದ್ದಳು.

ಮುಂದಿನ ಬುಧವಾರ ಅವಳು ಬರಲಿಲ್ಲ. ಬೇಕರಿಗೆ ಹೋದೆ. ಕೇಕಿನ ಮೇಲೆ ಗುಲಾಬಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಗೆದ್ದೆ ಅಂತ ಮನೆಗೆ ಫೋನ್ ಮಾಡೋಕೆ ಫೋನ್ ಕೈಯಲ್ಲಿ ಹಿಡ್ಕೊಂಡಿದ್ದೆ ಅಂಕಲ್. ಅಷ್ಟರಲ್ಲಿ ನೀವು ಕಿರುಚಿದ್ರಿ” ಅಂದಳು. ತಪ್ಪಾಯಿತಮ್ಮ ಎಂದೆ. ಪರವಾಗಿಲ್ಲ ಅಂಕಲ್ ಎಂದಳು. ಪರವಾಗಿಲ್ಲ ಎಂದವರು ತಿರುಗಿ ಬರುವುದಿಲ್ಲ ಎನ್ನುವುದು ಈ ವಯಸ್ಸಿನಲ್ಲಿ ನನಗೆ ಗೊತ್ತು. ಬರಲಿಲ್ಲ. ಕರೆದು ತಂದವನೂ ನಾನೇ, ಕಳೆದವನೂ ನಾನೇ. ಇದಕ್ಕೆ ಯಾರನ್ನು ಬೈಯಲಿ?

ಮೂವತ್ತನೇ ತಾರೀಕು ಕಾರ್ಯದರ್ಶಿ ರಿಜಿಸ್ಟರ್ ಎಣಿಸಿದರು. ಏಳು. ಪಾಪ, ಕೆಟ್ಟ ಮನುಷ್ಯರಲ್ಲ. ಪೆನ್ನು ನನ್ನ ಮುಂದೆ ಇಟ್ಟು, “ನಿಮ್ಮ ಮಗಳಿಗೆ ಇನ್ನೂ ಮೂವತ್ತಾಗಿಲ್ಲ ಅಲ್ವಾ? ಎಂಟನೇದು ಅವಳ ಹೆಸರು ಬರೀರಿ. ಸಹಿ ನೀವೇ ಹಾಕಿ, ನಾನು ಆ ಕಡೆ ತಿರುಗ್ತೀನಿ” ಎಂದರು. ನಿಜವಾಗಿಯೂ ಕಿಟಕಿಯ ಕಡೆ ತಿರುಗಿ ನಿಂತರು.

ಪೆನ್ನು ಎತ್ತಿಕೊಂಡೆ ಮಗಳೇ. ಸುಳ್ಳು ಹೇಳುವುದಿಲ್ಲ. ನಿನ್ನ ಹೆಸರಿನ ಮೊದಲ ಅಕ್ಷರ ಬರೆಯುವಷ್ಟು ಹತ್ತಿರ ಕೈ ಹೋಯಿತು. ಅಲ್ಲೇ ಹಳೆಯ ಪುಟ ತೆರೆದಿತ್ತು. ನಲವತ್ಮೂರು ಹೆಸರು. ಸತ್ತವರಿದ್ದಾರೆ, ಬಿಟ್ಟವರಿದ್ದಾರೆ. ನೀನೂ ಇದ್ದೀಯ, ಹನ್ನೆರಡನೇ ಸಾಲಿನಲ್ಲಿ. ನಿನ್ನ ಗೆಳತಿಯೂ ಇದ್ದಾಳೆ. ಅಷ್ಟು ಹೆಸರೂ ನನ್ನ ಕೈಬರಹವೇ. ಅವರೆಲ್ಲ ಇದ್ದಾರೆ ಎಂದು ಪ್ರತಿ ವರ್ಷ ಬರೆದುಕೊಂಡು ಬಂದೆ. ಯಾಕೆ ಹೋದರು ಎಂದು ಒಬ್ಬರನ್ನೂ ಕೇಳಲಿಲ್ಲ.

ಪೆನ್ನು ಕೆಳಗಿಟ್ಟೆ. “ಬೇಡ ಸಾರ್. ಅವಳು ಆಟ ಬಿಟ್ಟಿದಾಳೆ” ಎಂದೆ. ಆ ಮಾತು ನನ್ನ ಬಾಯಲ್ಲಿ ಬಂದದ್ದು ಮೊದಲ ಸಲ. ರಿಜಿಸ್ಟರ್ ಮುಚ್ಚಿ ಅವರ ಕಡೆ ಸರಿಸಿದೆ.

ನಿನ್ನೆ ಎರಡು ಟೇಬಲ್ ಬಿಚ್ಚಿದೆವು. ಬಟ್ಟೆ ನಾನೇ ತೆಗೆದೆ, ಒಂದೊಂದೇ ಮೊಳೆ. ಕೆಳಗಿನ ಕಲ್ಲಿನ ಚಪ್ಪಡಿ ಎತ್ತಲು ಆ ಏಳು ಜನವೂ ಬಂದಿದ್ದರು, ನಾನು ಕರೆದಿರಲಿಲ್ಲ. “ಒಳಗೆ ಕಲ್ಲಿದ್ಯಾ ಅಂಕಲ್? ಮರ ಅಂದ್ಕೊಂಡಿದ್ದೆ” ಎಂದ ಲಿಫ್ಟಿನವನು. ಚಪ್ಪಡಿ ಮಟ್ಟಸವಾಗಿದೆ ಎಂದು ಹೇಗೆ ನೋಡುತ್ತೀರಿ, ಬಟ್ಟೆ ಯಾವ ಕಡೆಯಿಂದ ಎಳೆಯುತ್ತೀರಿ ಎಂದು ಕೇಳುತ್ತಲೇ ಇದ್ದರು. ಎರಡು ಗಂಟೆ ಮಾತಾಡಿದೆ. ಮೂವತ್ತೊಂದು ವರ್ಷದಲ್ಲಿ ಯಾರೂ ಇದನ್ನು ನನ್ನಿಂದ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೇಳಿದ್ದು ಟೇಬಲ್ ಹೋಗುವ ದಿನ. ನನ್ನ ಹಣೆಬರಹ ನೋಡು.

ಇವತ್ತು ಬುಧವಾರ. ಯಂತ್ರಗಳು ಬಂದಾಗಿದೆ, ಅರ್ಧ ಕೋಣೆ ಅವಕ್ಕೇ. ಉಳಿದ ಒಂದು ಟೇಬಲ್ಲಿನ ಸುತ್ತ ಏಳೂ ಜನ, ಜೊತೆಗೆ ಲಿಫ್ಟಿನವನ ತಂಗಿ. ಒಬ್ಬರು ಹೊಡೆಯುವಾಗ ಮೂವರು ಗೋಡೆಗೆ ಒತ್ತಿಕೊಳ್ಳಬೇಕು. ನಾನು ಆ ಕಡೆ ನಿಂತರೆ ಕೋಲು ನನಗೆ ತಗಲುತ್ತದೆ, ಈ ಕಡೆ ನಿಂತರೆ ಬಾಗಿಲಿಗೆ ಅಡ್ಡ. ಸ್ವಲ್ಪ ಹೊತ್ತು ಅತ್ತ ಇತ್ತ ಸರಿದಾಡಿದೆ. ಆಮೇಲೆ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ, ಕೊನೆಗೆ ಹೋಗುವವರು ಬಾಗಿಲು ಹಾಕಿ ಎಂದೆ. ಆಟದ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೂ ಬೆಳಕಿರುವಾಗಲೇ ಮನೆಗೆ ಬಂದೆ. ನಿನ್ನಮ್ಮ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡಿದಳು.

ನಿನ್ನ
ಅಪ್ಪ